ಕಾಲು ತೆಗೆದರೂ ನಿಂತ ಹೆಲಿಕಾಪ್ಟರ್

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನ ಮನುಷ್ಯ. ನಿಟ್ಟೂರಿನ ಜೀಪ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಹದಿನೆಂಟು ವರ್ಷ ಕೊಡಚಾದ್ರಿಗೆ ಜೀಪ್ ಹತ್ತಿಸಿದವನು, ಅರ್ಧ ದಾರಿಯಲ್ಲಿ ಪ್ರವಾಸಿಗರು ಹೆದರಿ ಕೂಗಿಕೊಂಡರೆ "ಸುಮ್ನೆ ಕೂತ್ಕಳಿ, ಓಡಿಸ್ತಿರೋದು ನಾನಾ ನೀವಾ" ಎಂದು ಗದರಿದವನು. ಆ ಸಿಟ್ಟು ಬಂದಷ್ಟೇ ಬೇಗ ಇಳಿದೂ ಹೋಗುತ್ತಿತ್ತು. ಈಗ ಬರೆಯುತ್ತಿರುವುದು ಬೇರೆ ಸಿಟ್ಟು. ನನ್ನ ಒಳ್ಳೆಯದನ್ನೇ ಬಯಸುವ ಇಬ್ಬರು ಸೇರಿಕೊಂಡು ಒಂಬತ್ತು ತಿಂಗಳು ನನ್ನನ್ನು ನಂಬಿಸಿ ಮೋಸ ಮಾಡಿದರು. ಮೋಸ ನಡೆದದ್ದು ಒಂದು ಹೆಲಿಕಾಪ್ಟರಿನಲ್ಲಿ. ನಾನಾದರೋ ನಿಜವಾದ ಹೆಲಿಕಾಪ್ಟರನ್ನು ಹತ್ತಿರದಿಂದ ನೋಡಿದವನೇ ಅಲ್ಲ.

ಅವತ್ತು ದೀಪಾವಳಿಗೆ ಎರಡು ವಾರ ಬಾಕಿ ಇತ್ತು. ಸ್ಟ್ಯಾಂಡಿನಲ್ಲೇ ಜೀಪ್ ಎತ್ತಿ ಟೈರ್ ಬದಲಿಸುತ್ತಿದ್ದೆ. ಹಸಿ ಮಣ್ಣಿನಲ್ಲಿ ಜ್ಯಾಕ್ ಅಡಿಗೆ ಹಲಗೆ ಇಡಬೇಕು ಎಂದು ಕಂಡವರಿಗೆಲ್ಲ ಉಪದೇಶ ಮಾಡುತ್ತಿದ್ದ ನಾನೇ ಅವತ್ತು ಹಲಗೆ ಇಡಲಿಲ್ಲ. ಜ್ಯಾಕ್ ವಾಲಿತು, ಜೀಪ್ ಬಂದು ನನ್ನ ಎಡಗಾಲಿನ ಕಣಕಾಲಿನ ಮೇಲೆ ಕೂತಿತು. ತೀರ್ಥಹಳ್ಳಿಯ ಡಾಕ್ಟರು ಪ್ಲೇಟ್ ಹಾಕಿ ಎಲುಬು ಕೂಡಿಸಿದರು. ಆದರೆ ಪಾದ ನನ್ನ ಮಾತು ಕೇಳುತ್ತಿರಲಿಲ್ಲ. ಒತ್ತು ಎಂದರೆ ಒತ್ತಿದ ಹಾಗೆ ಮಾಡಿ ಸುಮ್ಮನಾಗಿಬಿಡುತ್ತಿತ್ತು.

"ನರ ಜಜ್ಜಿದೆ, ಎಷ್ಟು ವಾಪಸ್ ಬರುತ್ತೆ ಅಂತ ನಾನು ಹೇಳಕ್ಕಾಗಲ್ಲ" ಎಂದರು ಡಾಕ್ಟರು. "ಗೋಡೆ ಹಿಡ್ಕೊಂಡು ಎಡಗಾಲಿನ ಬೆರಳ ಮೇಲೆ ಒಂದೇ ಕಾಲಲ್ಲಿ ನಿಂತು ಹತ್ತು ಎಣಿಸಿ. ಅದು ಆದ ದಿನ ಗುಡ್ಡಕ್ಕೆ ಹೋಗಿ. ಅಲ್ಲೀವರೆಗೂ ಜೀಪ್ ಮುಟ್ಬೇಡಿ."

ಎಡಗಾಲು ಎಂದರೆ ಕ್ಲಚ್. ಬಯಲುಸೀಮೆಯ ಡ್ರೈವರಿಗೆ ಕ್ಲಚ್ ಎಂದರೆ ಒತ್ತು, ಬಿಡು, ಅಷ್ಟೇ. ನಮ್ಮ ಗುಡ್ಡದ ದಾರಿಯಲ್ಲಿ ಹಾಗಲ್ಲ. ಕಲ್ಲು, ಕೊರಕಲು, ಒಂದು ಕಡೆ ಪ್ರಪಾತ. ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ಹಿಂದಕ್ಕೂ ಬಿಡದೆ ಮುಂದಕ್ಕೂ ಬಿಡದೆ ಒಂದು ಉಸಿರಿನಷ್ಟು ಹೊತ್ತು ಹಿಡಿದು ನಿಲ್ಲಿಸಬೇಕು. ಕ್ಲಚ್ ಒತ್ತುವುದು ತೊಡೆಯ ಕೆಲಸ, ಹಿಡಿಯುವುದು ಕಣಕಾಲಿನ ಕೆಲಸ. ಆ ಕಣಕಾಲೇ ಹೋದ ಮೇಲೆ ನಾನು ಸ್ಟ್ಯಾಂಡಿನಲ್ಲಿ ಯಾರು? ಟೀ ಕುಡಿಯಲು ಬಂದು ಕೂರುವ ಒಬ್ಬ ಮನುಷ್ಯ.

ಜೀಪನ್ನು ಹೆಂಡತಿಯ ತಮ್ಮ ಓಡಿಸತೊಡಗಿದ. ಒಳ್ಳೆಯವನೇ, ನಿಧಾನದ ಮನುಷ್ಯ. ನನಗೆ ಅವನ ನಿಧಾನ ಕಂಡರೂ ಆಗುತ್ತಿರಲಿಲ್ಲ. ದಿನಾ ಸಂಜೆ ಜೀಪ್ ಬಂದು ನಿಂತ ಕೂಡಲೇ ಕುಂಟಿಕೊಂಡು ಹೋಗಿ ಬಾನೆಟ್ ಮೇಲೆ ಕೈ ಇಟ್ಟು ಬಿಸಿ ನೋಡುತ್ತಿದ್ದೆ.

ಆಗ ಬಂದವನು ನನ್ನ ಗೆಳೆಯ. ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಆರನೇ ಕ್ಲಾಸಿನಿಂದ ನಾವಿಬ್ಬರೂ ಒಂದೇ ಬೆಂಚು. ಅವನಿಗೊಂದು ಹುಚ್ಚು. ಅಂಗಡಿಯ ಒಳಕೋಣೆಯಲ್ಲಿ ದೊಡ್ಡ ಸ್ಕ್ರೀನ್ ಇಟ್ಟುಕೊಂಡು ವಿಮಾನ ಹಾರಿಸುವ ಸಿಮ್ಯುಲೇಟರ್ ಆಡುವುದು. ಅದನ್ನು ಆಟ ಎಂದರೆ ಆಗ ಅವನಿಗೆ ಸಿಟ್ಟು ಬರುತ್ತಿತ್ತು.

"ಇದು ಆಟ ಅಲ್ಲ ಮಾರಾಯ" ಎಂದ ಅವನು, ನನ್ನ ಮಂಚದ ತುದಿಯಲ್ಲಿ ಕೂತು. "ಡಾಕ್ಟ್ರು ಹೇಳಿದ ವ್ಯಾಯಾಮ ನೀನು ಮಾಡಲ್ಲ, ನಂಗೊತ್ತು. ಟವೆಲ್ ಎಳಿ, ಬಾಲ್ ಒತ್ತು ಅಂದ್ರೆ ಎರಡು ದಿನಕ್ಕೆ ಬೇಜಾರು ನಿಂಗೆ. ಹೆಲಿಕಾಪ್ಟರ್ ಹಾರ್ಸು. ಅದ್ರಲ್ಲಿ ಎರಡೂ ಕಾಲಿಗೆ ಪುರಸೊತ್ತಿಲ್ಲ."

ನಾನು ನಕ್ಕೆ. ಆದರೆ ಅವನು ವಿವರಿಸಿದ ಮೇಲೆ ಕಿವಿ ನೆಟ್ಟಗಾಯಿತು. ಹೆಲಿಕಾಪ್ಟರಿನ ತಲೆಯ ಮೇಲಿನ ರೆಕ್ಕೆ ಒಂದು ಕಡೆಗೆ ತಿರುಗಿದರೆ ಅದರ ಮೈ ಇನ್ನೊಂದು ಕಡೆಗೆ ಗಿರಕಿ ಹೊಡೆಯಲು ನೋಡುತ್ತದೆ. ಅದನ್ನು ತಡೆಯುವುದಕ್ಕೇ ಬಾಲದಲ್ಲೊಂದು ಸಣ್ಣ ರೆಕ್ಕೆ. ಆ ಬಾಲದ ರೆಕ್ಕೆಯ ಅಂಕೆ ಎರಡು ಕಾಲಿನ ಪೆಡಲುಗಳಲ್ಲಿ. ಎಡಗೈ ಪಕ್ಕದ ಲಿವರ್ ಎತ್ತಿದರೆ ಮೇಲೇಳುತ್ತದೆ, ಎದ್ದ ಕೂಡಲೇ ಮೂಗು ಬಲಕ್ಕೆ ಓಡುತ್ತದೆ. ಎಡಗಾಲು ಒತ್ತಿ ಹಿಡಿಯಬೇಕು. ಜಾಸ್ತಿ ಒತ್ತಿದರೆ ಎಡಕ್ಕೆ ತಿರುಗುತ್ತದೆ, ಕಡಿಮೆಯಾದರೆ ಬಲಕ್ಕೆ. ಇದು ನನ್ನ ಹಾಫ್ ಕ್ಲಚ್ಚೇ. ಕೆಲವು ಹೆಲಿಕಾಪ್ಟರುಗಳ ರೆಕ್ಕೆ ಉಲ್ಟಾ ತಿರುಗುತ್ತದಂತೆ, ಅವುಗಳಲ್ಲಿ ಬಲಗಾಲಿಗೆ ಕೆಲಸ. ನನಗೆಂದೇ ಹುಡುಕಿ ಎಡಗಾಲಿನದ್ದನ್ನು ತರುತ್ತೇನೆ ಎಂದ.

ಮೂರು ಭಾನುವಾರ ಅವನು ಸಾಗರದಿಂದ ಬಂದು ನಮ್ಮ ಹೊರಕೋಣೆಯಲ್ಲಿ ಅದನ್ನು ಕಟ್ಟಿದ. ಅವನ ಅಂಗಡಿಯ ಹಳೆಯ ಕಂಪ್ಯೂಟರ್, ಒಂದು ದೊಡ್ಡ ಟಿವಿ. ಗುಜರಿಗೆ ಹೋದ ಜೀಪಿನ ಕ್ಲಚ್ ಪೆಡಲ್, ಬ್ರೇಕ್ ಪೆಡಲ್ ಎರಡನ್ನೂ ನಾನೇ ಬಿಚ್ಚಿ ತಂದಿದ್ದೆ. ಒಂದನ್ನು ಒತ್ತಿದರೆ ಇನ್ನೊಂದು ಹಿಂದೆ ಬರುವ ಹಾಗೆ ಜೋಡಿಸಿದೆವು. ಅದೇ ಜೀಪಿನ ಹ್ಯಾಂಡ್‌ಬ್ರೇಕ್ ಎಡಗೈಯ ಲಿವರ್ ಆಯಿತು. ಬಲಗೈಗೆ ಮಧ್ಯದಲ್ಲೊಂದು ಕೋಲು. ಅದೇ ಕೋಣೆಯ ಕಿಟಕಿಯ ಹತ್ತಿರ ಹೆಂಡತಿಯ ಹೊಲಿಗೆ ಮಿಷನ್. ಅವಳು ಊರಿನವರ ರವಿಕೆ ಹೊಲಿಯುತ್ತಾಳೆ. ಅಲ್ಲಿ ಅವಳ ಕಾಲು ತುಳಿಯುತ್ತಿತ್ತು, ಇಲ್ಲಿ ನನ್ನದು.

ಸಿಮ್ಯುಲೇಟರಿನ ಜೊತೆಗೇ ಬರುವ ಹೆಲಿಕಾಪ್ಟರ್ ಬರೀ ಬೊಂಬೆ ಎಂದು ಗೆಳೆಯ ಅದನ್ನು ಮುಟ್ಟಲೂ ಬಿಡಲಿಲ್ಲ. ಹೊರಗಿನವರು ತಯಾರಿಸಿ ಮಾರುವ ಬೇರೆ ಹೆಲಿಕಾಪ್ಟರ್ ಇರುತ್ತವೆ, ಆಡ್-ಆನ್ ಎನ್ನುತ್ತಾರೆ. ಹಾಡು ಹಾಕಿಕೊಂಡ ಹಾಗೆ ಅವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಬೇಕು. ಅವನು ಹಾಕಿಕೊಟ್ಟದ್ದು ಅಂಥದ್ದೊಂದು. "ಅಸಲಿ ಇದು" ಎಂದ. "ಪೈಲಟ್‌ಗಳೇ ಕೂತು ಸರಿ ಮಾಡಿಕೊಟ್ಟಿದ್ದು. ನಿಜವಾದ್ದು ಏನು ಮಾಡುತ್ತೋ ಇದೂ ಅದೇ ಮಾಡುತ್ತೆ."

ಅದು ಸುಳ್ಳಲ್ಲ. ಎಂಜಿನ್ ಸ್ಟಾರ್ಟ್ ಮಾಡುವುದಕ್ಕೇ ಒಂದು ಕ್ರಮ. ಮೀಟರಿನ ಮುಳ್ಳು ಇಂತಿಷ್ಟು ಏರುವ ಮೊದಲೇ ಇಂಧನ ಬಿಟ್ಟರೆ ಒಳಗೆ ಸುಟ್ಟುಹೋಗುತ್ತದೆ. ಅದಕ್ಕಿಂತ ಆಶ್ಚರ್ಯ, ಅದು ನೆನಪಿಟ್ಟುಕೊಳ್ಳುತ್ತದೆ. ನಿನ್ನೆ ಸುಟ್ಟ ಎಂಜಿನ್ ಇವತ್ತು ಬಂದು ಕೂತರೂ ಸುಟ್ಟೇ ಇರುತ್ತದೆ, ರಿಪೇರಿ ಮಾಡಿಸಿ ಎಂದು ಕೂರುತ್ತದೆ. ನೇರ ಕೆಳಗೆ ಜೋರಾಗಿ ಇಳಿದರೆ ತನ್ನದೇ ಗಾಳಿಯಲ್ಲಿ ಸಿಕ್ಕಿ ಕಲ್ಲಿನ ಹಾಗೆ ಬೀಳುತ್ತದೆ. ಹೊರಗಿನ ಲೋಕ ಮಾತ್ರ ಅಷ್ಟಕ್ಕಷ್ಟೇ. ನಿಟ್ಟೂರಿನ ಮನೆಗಳಿಗೆಲ್ಲ ಹೊಗೆಗೂಡು ಕೊಟ್ಟು ಯಾವುದೋ ದೇಶದ ಮನೆಗಳ ಹಾಗೆ ಮಾಡಿಟ್ಟಿದ್ದರು. ಜೀಪ್ ಸ್ಟ್ಯಾಂಡ್ ಇದ್ದ ಜಾಗದಲ್ಲಿ ಬರೀ ಹುಲ್ಲು. ಆದರೆ ನಿನ್ನೆಯ ತಪ್ಪನ್ನು ಇವತ್ತೂ ಬಿಡದ ಯಂತ್ರ ಸುಳ್ಳು ಹೇಳುತ್ತದೆ ಎಂದು ಯಾರಿಗಾದರೂ ಅನುಮಾನ ಬರುತ್ತದೆಯೇ? ನನಗೆ ಬರಲಿಲ್ಲ.

ಮೊದಲ ವಾರ ನರಕ. ಲಿವರ್ ಎತ್ತುವುದು, ಮೂಗು ಬಲಕ್ಕೆ ಓಡುವುದು, ಎಡಗಾಲು ಒತ್ತಿದೆ ಎಂದು ನಾನು ಅಂದುಕೊಳ್ಳುವುದು, ಅದು ಒತ್ತದಿರುವುದು, ಗಿರಗಿರ ತಿರುಗಿ ಬೀಳುವುದು. ದಿನಕ್ಕೆ ಮೂವತ್ತು ನಲವತ್ತು ಸಲ ಬಿದ್ದೆ. ಐದನೇ ದಿನ ಸ್ಟೂಲನ್ನು ಬಲಗಾಲಿನಲ್ಲಿ ಒದ್ದೆ, ಆರನೇ ದಿನ ಊಟ ಬಿಟ್ಟೆ. ಬಾಯಿಗೆ ಬಂದದ್ದೆಲ್ಲ ಅಂದೆ. ಹೆಂಡತಿ ತಲೆ ಎತ್ತದೆ ಹೊಲಿಯುತ್ತಲೇ ಇದ್ದಳು.

ಆ ಭಾನುವಾರ ಗೆಳೆಯ ಬಂದ. ಆಡ್-ಆನ್‌ಗೆ ಹೊಸ ಅಪ್‌ಡೇಟ್ ಬಂದಿದೆ ಎಂದು ಏನೋ ಮಾಡಿದ. ಹೋಗುವಾಗ ಹೇಳಿದ, "ಸೆಟ್ಟಿಂಗ್ ಪೇಜಿಗೆ ಮಾತ್ರ ಕೈ ಹಾಕ್ಬೇಡ. ಒಂದು ಕೆಟ್ರೆ ಎಲ್ಲ ಕೆಡ್ತದೆ."

ನಾನು ಹಾಕಲಿಲ್ಲ. ಮೆಕ್ಯಾನಿಕ್ ಮುಟ್ಟಬೇಡ ಎಂದ ಸ್ಕ್ರೂವನ್ನು ಒಳ್ಳೆಯ ಡ್ರೈವರ್ ಮುಟ್ಟುವುದಿಲ್ಲ. ಹದಿನೆಂಟು ವರ್ಷ ನಾನು ನಡೆಸಿಕೊಂಡು ಬಂದ ಶಿಸ್ತು ಅದು. ಗಾಡಿ ಸ್ಟಾರ್ಟ್ ಇರುವಾಗ ಪೆಡಲಿನಿಂದ ಕಾಲು ತೆಗೆಯುವುದಿಲ್ಲ ಎನ್ನುವುದೂ ಅಂಥದ್ದೇ ಇನ್ನೊಂದು. ಈ ಎರಡು ಒಳ್ಳೆಯ ಅಭ್ಯಾಸಗಳೇ ನನ್ನನ್ನು ಹಾಳು ಮಾಡಿದವು.

ಮರುದಿನದಿಂದ ಕಾಲು ಒಂದು ಚೂರು ಕೇಳಿದ ಹಾಗಾಯಿತು. ಮೂಗು ಬಲಕ್ಕೆ ಓಡುತ್ತಿತ್ತು, ಆದರೆ ಅಷ್ಟು ಜೋರಾಗಿ ಅಲ್ಲ. ತಿಂಗಳು ಕಳೆದು ಗೆಳೆಯ ಇನ್ನೊಂದು ಅಪ್‌ಡೇಟ್ ಹಾಕಿ ಹೋದ. ಆಮೇಲೆ ನಾನು ಹತ್ತು ಸೆಕೆಂಡು ನೆಲದಿಂದ ಮೇಲೆ ನಿಲ್ಲಿಸಿದೆ. ಮತ್ತೊಂದು ತಿಂಗಳು, ಮತ್ತೊಂದು ಅಪ್‌ಡೇಟ್, ಅರ್ಧ ನಿಮಿಷ. ಹೆಂಡತಿ ದಿನಾ ಮಿಷನ್ ನಿಲ್ಲಿಸಿ ಕೇಳುತ್ತಿದ್ದಳು, "ಇವತ್ತು ಹೇಗಾಯ್ತು?" "ನಿಂತಿತು ಕಣೆ" ಎನ್ನುತ್ತಿದ್ದೆ. ಅವಳು ಮತ್ತೆ ತುಳಿಯತೊಡಗುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಸಾಗರದಿಂದ ಹೊರಟು ರೈಲು ಹಳಿಯನ್ನೇ ಹಿಡಿದು ತಾಳಗುಪ್ಪಕ್ಕೆ ಹೋಗಿ, ಹಳಿ ಮುಗಿಯುವ ಜಾಗದಲ್ಲಿ ಮೆಲ್ಲಗೆ ಇಳಿಸುತ್ತಿದ್ದೆ. ಬಾಲ ಒಂದು ಬೆರಳಿನಷ್ಟೂ ಆಚೀಚೆ ಹೋಗುತ್ತಿರಲಿಲ್ಲ. ಮೊದಲ ಸಲ ಹಾಗೆ ಇಳಿಸಿದ ದಿನ ಗೆಳೆಯನಿಗೆ ಫೋನ್ ಮಾಡಿದೆ. "ಭಾರೀ ಆಯ್ತು ಮಾರಾಯ, ನಂಗೇ ಹಿಂಗೆ ಬರಲ್ಲ" ಎಂದ. ಅವತ್ತು ನನಗಾದ ಖುಷಿಯನ್ನು ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ತೀರ್ಥಹಳ್ಳಿಗೆ ಹೋಗುವುದನ್ನು ನಿಲ್ಲಿಸಿದ್ದೆ. ಗೋಡೆ ಹಿಡಿದು ಬೆರಳ ಮೇಲೆ ನಿಲ್ಲಲು ಆಗುತ್ತಿರಲಿಲ್ಲ, ನಿಜ. ಹಿಮ್ಮಡಿ ನೆಲ ಬಿಡುತ್ತಲೇ ಇರಲಿಲ್ಲ. ಅದಕ್ಕೇನು? ಹೆಲಿಕಾಪ್ಟರ್ ನಿಲ್ಲಿಸುವ ಕಾಲಿಗೆ ಈ ಮಕ್ಕಳ ಪರೀಕ್ಷೆ ಯಾಕೆ ಎಂದುಕೊಂಡೆ.

ನಮ್ಮ ಸ್ಟ್ಯಾಂಡಿನಲ್ಲಿ ಒಂದು ಕ್ರಮ ಇದೆ. ಯಾರಾದರೂ ಕಾಯಿಲೆ ಬಿದ್ದೋ ಬೇರೆ ಕೆಲಸಕ್ಕೆ ಹೋಗಿಯೋ ಗುಡ್ಡದ ದಾರಿ ಬಿಟ್ಟಿದ್ದರೆ, ಮತ್ತೆ ಪಾಳಿಗೆ ಸೇರುವ ಮೊದಲು ಖಾಲಿ ಟ್ರಿಪ್ ಹೊಡೆಯಬೇಕು. ಪ್ರವಾಸಿಗರ ಬದಲು ಹಳೆಯ ಡ್ರೈವರುಗಳೇ ಹತ್ತಿ ಕೂರುತ್ತಾರೆ. ಕಡಿದಾದ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರದ ಹಿಂದೆ ನಾಲ್ಕು ಬೆರಳು ಬಿಟ್ಟು ಒಂದು ನಿಂಬೆಹಣ್ಣು ಇಡುತ್ತಾರೆ. ಹ್ಯಾಂಡ್‌ಬ್ರೇಕ್ ಮುಟ್ಟದೆ, ಗಾಡಿ ಹಿಂದೆ ಜಾರದ ಹಾಗೆ ಅಲ್ಲಿಂದ ಎತ್ತಿಕೊಂಡು ಮುಂದೆ ಹೋಗಬೇಕು. ನಿಂಬೆಹಣ್ಣು ಹಾಗೇ ಉಳಿದರೆ ನಾಳೆಯಿಂದ ಪಾಳಿ. ಅಪ್ಪಚ್ಚಿಯಾದರೆ ಇಲ್ಲ. ಇದಕ್ಕೆ ಕಾಗದ ಪತ್ರ ಏನೂ ಇಲ್ಲ, ಆದರೆ ಮೀರಿದವರೂ ಇಲ್ಲ.

ದಾರಿ ಒಣಗಿದ ಮೇಲೆ ಒಂದು ದಿನ ಹೋಗಿ ಹಿರಿಯ ಡ್ರೈವರಿಗೆ ಹೇಳಿದೆ. ಅರವತ್ತು ದಾಟಿದ ಮನುಷ್ಯ, ನಾವೆಲ್ಲ ಅಣ್ಣ ಎಂದೇ ಕರೆಯುವುದು. ಮಾತು ಕಮ್ಮಿ. ನನ್ನ ಕಾಲನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡಿ, "ಡಾಕ್ಟ್ರು ಹ್ಞೂಂ ಅಂದ್ರಾ?" ಎಂದರು. "ಹ್ಞೂಂ ಅಂದ್ರು ಅಣ್ಣ" ಎಂದೆ. ನಾನು ಹೇಳಿದ ಸುಳ್ಳು ಅದೊಂದೇ. ಸುಳ್ಳೆಂದೂ ಅನ್ನಿಸಿರಲಿಲ್ಲ, ಯಂತ್ರ ಹ್ಞೂಂ ಎಂದಿತ್ತಲ್ಲ.

ಗೆಳೆಯನಿಗೆ ಹೇಳಲಿಲ್ಲ, ಮುಗಿಸಿ ಬಂದು ಫೋನ್ ಮಾಡಿ ದಂಗು ಬಡಿಸೋಣ ಎಂದುಕೊಂಡಿದ್ದೆ. ಹೆಂಡತಿಗೆ ಬೆಳಿಗ್ಗೆ ಹೊರಡುವಾಗ ಹೇಳಿದೆ. ಹೊಸ ಅಂಗಿ ಹಾಕಿಕೊಂಡಿದ್ದೆ. ಅವಳು ದೋಸೆ ಎರೆಯುತ್ತಿದ್ದವಳು ಹಾಗೇ ನಿಂತಳು. "ಇವತ್ತೇ ಹೋಗ್ಬೇಕಾ?" ಎಂದಳು. "ಮತ್ತೆ ಯಾವತ್ತು?" ಎಂದೆ. ದೋಸೆ ಸೀದಿತ್ತು.

ಹಿಂದೆ ನಾಲ್ವರು ಕೂತರು, ಮುಂದೆ ನನ್ನ ಪಕ್ಕ ಅಣ್ಣ. ತಿರುವಿನವರೆಗೆ ಚೆನ್ನಾಗಿಯೇ ಹೋಯಿತು. ಅಲ್ಲಿ ನಿಲ್ಲಿಸಿದೆ. ಒಬ್ಬ ಇಳಿದು ನಿಂಬೆಹಣ್ಣು ಇಟ್ಟು ಮತ್ತೆ ಹತ್ತಿದ. ಅಣ್ಣ "ಎತ್ತು" ಎಂದರು. ಕ್ಲಚ್ ಅರ್ಧಕ್ಕೆ ಬಿಟ್ಟೆ, ಬ್ರೇಕಿನಿಂದ ಬಲಗಾಲು ತೆಗೆದೆ. ಆ ಅರ್ಧದಲ್ಲಿ ಕಾಲು ನಿಲ್ಲಬೇಕಿತ್ತು. ನಿಂತಿದೆ ಎಂದೇ ನಾನು ಅಂದುಕೊಂಡೆ. ಅದು ಜಾರಿತು. ಎಂಜಿನ್ ಕೆಮ್ಮಿ ನಿಂತಿತು, ಜೀಪ್ ಹಿಂದಕ್ಕೆ ಹೊರಟಿತು. ನಿಂಬೆಹಣ್ಣನ್ನಷ್ಟೇ ಅಲ್ಲ, ಅದರ ಹಿಂದಿನ ಕಲ್ಲನ್ನೂ ದಾಟಿ ಅಂಚಿನ ಕಡೆಗೆ. ಬಲಗಾಲು ಬ್ರೇಕನ್ನು ಹುಡುಕುವುದರೊಳಗೆ ಅಣ್ಣ ಹ್ಯಾಂಡ್‌ಬ್ರೇಕ್ ಎಳೆದಾಗಿತ್ತು. ಹಿಂದೆ ಕೂತವರಲ್ಲಿ ಇಬ್ಬರಿಗೆ ಸಣ್ಣ ಮಕ್ಕಳಿವೆ.

"ಇಳಿ" ಎಂದರು ಅಣ್ಣ. ಅಷ್ಟೇ. ಅವರೇ ಜೀಪ್ ತಿರುಗಿಸಿ ಕೆಳಗೆ ತಂದರು.

ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಸ್ಟ್ಯಾಂಡಿಗೆ ಬಂದು ಇಳಿದ ಕೂಡಲೇ ಹೆಂಡತಿಯ ತಮ್ಮನ ಮೇಲೆ ಹರಿಹಾಯ್ದೆ. "ಕ್ಲಚ್ ಸುಟ್ಟು ಇಟ್ಟಿದೀಯ. ವರ್ಷ ಪೂರ್ತಿ ಕಾಲು ಅದ್ರ ಮೇಲೇ ಇಟ್ಕಂಡು ಓಡ್ಸಿದ್ರೆ ಇನ್ನೇನಾಗ್ತದೆ? ಐದು ಜನರ ಜೀವ ಹೋಗ್ತಿತ್ತು ನಿನ್ನಿಂದ." ಎಲ್ಲರ ಎದುರಿಗೆ ಅಂದೆ. ಅವನು ಕೀಲಿ ತೆಗೆದು ಬಾನೆಟ್ ಮೇಲೆ ಇಟ್ಟು ಹೋದ.

ಮರುದಿನ ಮೆಕ್ಯಾನಿಕ್ಕನ್ನು ಕರೆಸಿ ಗೇರ್‌ಬಾಕ್ಸ್ ಇಳಿಸಿದೆ. ಅವನು ಕ್ಲಚ್ ಪ್ಲೇಟ್ ತೆಗೆದು ಒರೆಸಿ ನನ್ನ ಕೈಗೆ ಕೊಟ್ಟ. "ನೋಡಿ ನೀವೇ. ಇನ್ನೂ ಎರಡು ವರ್ಷಕ್ಕೆ ಏನೂ ಆಗಲ್ಲ. ಯಾರೋ ಚೆಂದ ಓಡಿಸಿದಾರೆ." ಪ್ಲೇಟ್ ಹಿಡಿದುಕೊಂಡು ಅಲ್ಲೇ ಬಹಳ ಹೊತ್ತು ಕೂತೆ.

ಮನೆಗೆ ಬಂದಾಗ ಮಧ್ಯಾಹ್ನ. ಹೆಂಡತಿ ಹೊಲಿದ ಬಟ್ಟೆ ಕೊಡಲು ಹೋಗಿದ್ದಳು. ಕಾಲು ಸರಿ ಇದೆ ಎನ್ನುವುದನ್ನು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು, ಹಾಗಾಗಿ ಸಿಮ್ಯುಲೇಟರ್ ಹಾಕಿ ಕೂತೆ. ಕ್ರಮವಾಗಿ ಸ್ಟಾರ್ಟ್ ಮಾಡಿದೆ. ಲಿವರ್ ಎತ್ತಿದೆ. ಎದ್ದಿತು, ನೆಟ್ಟಗೆ. ಆಗ ಎಡಗಾಲು ನಡುಗಲು ಶುರುವಾಯಿತು, ಹಿಂದಿನ ದಿನದ ಆಯಾಸವೋ ಹೆದರಿಕೆಯೋ. ನಡುಗಿ ಪೆಡಲಿನಿಂದ ಜಾರಿ ನೆಲಕ್ಕೆ ಬಿತ್ತು.

ಹೆಲಿಕಾಪ್ಟರ್ ಅಲ್ಲಾಡಲಿಲ್ಲ.

ನಾನು ಸ್ವಲ್ಪ ಹೊತ್ತು ಹಾಗೇ ನೋಡಿದೆ. ಮೂಗು ಇದ್ದಲ್ಲೇ ಇತ್ತು. ಬಲಗಾಲನ್ನೂ ತೆಗೆದೆ. ಆಗಲೂ ಇದ್ದಲ್ಲೇ ಇತ್ತು. ಆಮೇಲೆ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡು, ಊಟಕ್ಕೆ ಕೂತ ಹಾಗೆ ಚಕ್ಕಳಮಕ್ಕಳ ಹಾಕಿ ಕೂತೆ. ಲಿವರನ್ನು ಪೂರ್ತಿ ಎತ್ತಿದೆ. ಹೊಗೆಗೂಡಿನ ಮನೆಗಳೆಲ್ಲ ಕೆಳಗೆ ಸಣ್ಣದಾದವು. ಬಾಲ ಒಂದು ಬೆರಳಿನಷ್ಟೂ ಆಚೀಚೆ ಹೋಗಲಿಲ್ಲ. ಒಂಬತ್ತು ತಿಂಗಳಿನಿಂದ ನನ್ನ ಕಾಲು ಹಿಡಿದು ನಿಲ್ಲಿಸಿದೆ ಎಂದುಕೊಂಡದ್ದನ್ನು ಬೇರೆ ಯಾರೋ ಹಿಡಿದುಕೊಂಡಿದ್ದರು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟು ಹೊಸನಗರದಲ್ಲಿ ಬಸ್ ಬದಲಿಸಿ ಸಾಗರಕ್ಕೆ ಹೋದೆ. ಗೆಳೆಯ ಯಾರದೋ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದ.

"ಎಷ್ಟು ಇಟ್ಟಿದೀಯ?" ಎಂದೆ.

"ಎಂತದ್ದು?"

"ಬಾಲದ್ದು."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ನಿರಾಕರಿಸಲಿಲ್ಲ, ಅಷ್ಟರಮಟ್ಟಿಗೆ ಅವನು ಗೆಳೆಯನೇ. "ಬಾಲಕ್ಕೆ ಸಹಾಯ ಕೊಡೋದು ಅಂತ ಒಂದು ಸೆಟ್ಟಿಂಗ್ ಇರ್ತದೆ, ಹೊಸಬರಿಗೆ ಅಂತ. ಮೊದ್ಲು ನೂರಕ್ಕೆ ಹತ್ತು ಇಟ್ಟೆ. ಆಮೇಲೆ ತಿಂಗಳಿಗೆ ಹತ್ತು ಹತ್ತು ಏರಿಸ್ದೆ."

"ಈಗ?"

"ತೊಂಬತ್ತು. ಅಷ್ಟಿದ್ರೆ ಕಾಲೇ ಬೇಡ."

ತಿಂಗಳು ತಿಂಗಳೂ ಬಂದ ಅಪ್‌ಡೇಟ್ ಅದು. ನನ್ನ ಕಾಲು ಸುಧಾರಿಸಿದ್ದಲ್ಲ, ಅವನು ಸುಧಾರಿಸಿಕೊಟ್ಟದ್ದು. ನಾನು ಗುಣವಾದದ್ದನ್ನು ಅವನು ಸಾಗರದಿಂದ ಬಸ್ಸಿನಲ್ಲಿ ತಂದು ಕೊಟ್ಟು ಹೋಗುತ್ತಿದ್ದ.

"ಐದು ಜನ ಕೂತಿದ್ರು ಕಣೋ ಜೀಪಲ್ಲಿ" ಎಂದೆ. ತಿರುವಿನಲ್ಲಿ ಆದದ್ದನ್ನೆಲ್ಲ ಹೇಳಿದೆ. ಅವನ ಮುಖ ಬಿಳುಚಿಕೊಂಡಿತು.

"ನೀನು ಜೀಪ್ ಹತ್ತಿಸ್ತೀಯ ಅಂತ ನಂಗೇನು ಗೊತ್ತು? ಡಾಕ್ಟ್ರು ಬೇಡ ಅಂದಿದ್ರಲ್ಲ. ಸ್ವಲ್ಪ ಧೈರ್ಯ ಬರ್ಲಿ, ಊಟ ಗೀಟ ಮಾಡ್ಲಿ ಅಂತ ಮಾಡಿದ್ದು. ಇದೊಂದು ಆಟ ಅಷ್ಟೇ ಅಂತ ನಿಂಗೂ ಗೊತ್ತಿರ್ತದೆ ಅಂದ್ಕಂಡೆ ಮಾರಾಯ."

"ಆಟಾನಾ? ನನ್ನ ಮಂಚದ ಮೇಲೆ ಕೂತು ಆಟ ಅಲ್ಲ, ಅಸಲಿ ಅಂದವನು ನೀನೇ ಅಲ್ವೇನೋ?"

ಅವನು ಬಿಚ್ಚಿದ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ ಮೆಲ್ಲಗೆ ಹೇಳಿದ, "ನಿನ್ನ ಹೆಂಡ್ತೀನೇ ಫೋನ್ ಮಾಡಿದ್ದು. ಏನಾದ್ರೂ ಮಾಡಿ, ಒಂದ್ಸಲ ಆದ್ರೂ ಅದು ನಿಲ್ಲೋ ಹಾಗೆ ಮಾಡಿ ಅಂತ." ಆಮೇಲೆ, ಎಲ್ಲವನ್ನೂ ಸರಿಮಾಡುವವನ ಹಾಗೆ, "ಒಂದು ಕೆಲಸ ಮಾಡ್ತೀನಿ. ಹಂಗೇ ತಿಂಗಳಿಗೆ ಹತ್ತು ಹತ್ತು ಇಳಿಸ್ತೀನಿ. ನಿಂಗೆ ಗೊತ್ತೇ ಆಗಲ್ಲ" ಎಂದ.

ನನಗೆ ಗೊತ್ತಾಗದ ಹಾಗೆ! ಅವನಿಗೆ ನಾನು ಬಂದದ್ದು ಯಾಕೆಂದೇ ಅರ್ಥವಾಗಿರಲಿಲ್ಲ. ಯಾವ ಪೇಜು, ಯಾವ ಗೆರೆ ಎಂದು ಚೀಟಿಯಲ್ಲಿ ಬರೆಸಿಕೊಂಡೆ. ಮುಟ್ಟಬೇಡ ಎಂದಿದ್ದ ಸ್ಕ್ರೂ ಇನ್ನು ನಾನೇ ತಿರುಗಿಸುತ್ತೇನೆ ಎಂದೆ. ಅವನು ಟೀ ತರಿಸಿದ. ನಾನು ಕುಡಿಯಲಿಲ್ಲ.

ಮನೆಗೆ ಬಂದಾಗ ಹೆಂಡತಿ ಮಿಷನ್ನಿನ ಮುಂದೆ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತ ರೀತಿಯಲ್ಲೇ ಅವಳಿಗೆ ತಿಳಿಯಿತು.

"ಹೌದು, ನಾನೇ ಹೇಳಿದ್ದು" ಎಂದಳು. "ಆ ಮೊದಲ್ನೇ ವಾರ ನೀವು ಹೆಂಗಿದ್ರಿ ಅಂತ ನಿಮಗೆ ನೆನಪಿಲ್ಲ. ಈ ಕಾಲು ಕಡ್ದು ಬಿಸಾಕ್ತೀನಿ ಅಂತ ಕತ್ತಿ ಹುಡುಕಿದ್ರಿ. ನಾನು ಕತ್ತಿ ತೆಗ್ದು ಅಕ್ಕಿ ಡಬ್ಬದಲ್ಲಿ ಹುಗಿಸಿಟ್ಟೆ. ಎರಡು ತಿಂಗಳು ಅಲ್ಲೇ ಇತ್ತು. ಅದನ್ನೂ ಹೇಳಿಲ್ಲ ನಿಮಗೆ. ಅದೂ ಮೋಸಾನಾ?"

ನನಗೆ ಆ ಕತ್ತಿಯ ನೆನಪು ಸ್ವಲ್ಪ ಸ್ವಲ್ಪ ಬಂತು. ಆದರೂ ಬಿಡಲಿಲ್ಲ. "ಖಾಲಿ ಟ್ರಿಪ್‌ಗೆ ಹೋಗ್ತೀನಿ ಅಂದಾಗ್ಲಾದ್ರೂ ಹೇಳ್ಬಾರ್ದಿತ್ತಾ? ಐದು ಜನ ಸಾಯ್ತಿದ್ರು."

ಅವಳು ಬಟ್ಟೆಯ ಅಂಚನ್ನು ಮಡಚಿದಳು, ಬಿಚ್ಚಿದಳು. "ಹೇಳಕ್ಕೆ ಹೊರಟೆ. ನೀವು ಹೊಸ ಅಂಗಿ ಹಾಕ್ಕಂಡು ಬಂದು ನಿಂತಿದ್ರಿ. ಬಾಯಿ ಬರ್ಲಿಲ್ಲ."

ಅವಳ ಮೇಲೆ ಕೂಗಾಡಿದ್ದರೆ ಹಗುರವಾಗುತ್ತಿತ್ತೋ ಏನೋ. ಕೂಗಾಡಲೂ ಆಗಲಿಲ್ಲ. ಅವಳು ಆ ಕೋಣೆಯಲ್ಲೇ ಕೂತು ದಿನಾ ನನ್ನ ಕಾಲನ್ನು ನೋಡುತ್ತಿದ್ದಳು. ಅದು ಪೆಡಲಿನ ಮೇಲೆ ಸತ್ತ ಹಾಗೆ ಬಿದ್ದಿರುವುದನ್ನು ನೋಡಿಕೊಂಡೇ "ಇವತ್ತು ಹೇಗಾಯ್ತು" ಎಂದು ಕೇಳುತ್ತಿದ್ದಳು, ನಾನು "ನಿಂತಿತು" ಎಂದರೆ ಸರಿ ಎನ್ನುತ್ತಿದ್ದಳು. ಗೆಳೆಯನದ್ದು ತಿಂಗಳಿಗೊಂದು ಮೋಸ. ಇವಳದ್ದು ದಿನಕ್ಕೊಂದು.

ಅವಳ ತಮ್ಮನ ಮನೆಗೆ ಹೋಗಿ ಜೀಪಿನ ಕೀಲಿ ಕೊಟ್ಟೆ. "ಕ್ಲಚ್ ಸರಿ ಇತ್ತು" ಎಂದೆ. "ಗೊತ್ತಿತ್ತು ಭಾವ" ಎಂದು ಕೀಲಿ ತೆಗೆದುಕೊಂಡ.

ಸ್ಟ್ಯಾಂಡಿಗೂ ಹೋದೆ. ಡಾಕ್ಟರು ಹ್ಞೂಂ ಅಂದಿರಲಿಲ್ಲ ಎಂದು ಅಣ್ಣನಿಗೆ ಹೇಳಿದೆ. ಹೆಲಿಕಾಪ್ಟರಿನ ಕತೆಯನ್ನೂ ಹೇಳಿದೆ, ಬೈಸಿಕೊಳ್ಳಲು ತಯಾರಾಗಿಯೇ. ಅವರು ಬೀಡಿ ಹಚ್ಚಿ ಪೂರ್ತಿ ಕೇಳಿದರು. "ಕಾಲು ಬಂದ ದಿನ ಬಾ" ಎಂದರು. "ಪಕ್ಕದಲ್ಲಿ ಕೂರ್ತೀನಿ. ನಿಂಬೆಹಣ್ಣು ಮಾತ್ರ ಅಲ್ಲೇ ಇಡೋದು, ಹತ್ತಿರ ದೂರ ಮಾಡಲ್ಲ." ಇಡೀ ವರ್ಷದಲ್ಲಿ ನನ್ನ ಮುಖದೆದುರೇ 'ಇಲ್ಲ' ಎಂದವರು ಅವರು ಮತ್ತು ಡಾಕ್ಟರು ಮಾತ್ರ. ಇಬ್ಬರ ಮೇಲೂ ನಾನು ಹಲ್ಲು ಕಡಿದಿದ್ದೆ.

ಚೀಟಿ ನೋಡಿಕೊಂಡು ಆ ಪೇಜ್ ತೆಗೆದು ಸೊನ್ನೆ ಮಾಡಿದೆ. ಲಿವರ್ ಎತ್ತಿದೆ. ಮೂಗು ಬಲಕ್ಕೆ ಓಡಿ ಗಿರಗಿರ ತಿರುಗಿ ಬಿತ್ತು, ಮೊದಲ ವಾರದಲ್ಲಿ ಬೀಳುತ್ತಿದ್ದ ಹಾಗೆಯೇ. ತೀರ್ಥಹಳ್ಳಿಗೆ ಮತ್ತೆ ಹೋಗತೊಡಗಿದೆ. ಬೆಳಿಗ್ಗೆ ಟವೆಲ್ ಎಳೆಯುತ್ತೇನೆ, ಬಾಲ್ ಒತ್ತುತ್ತೇನೆ, ಗೋಡೆ ಹಿಡಿದು ಹಿಮ್ಮಡಿ ಎತ್ತಲು ನೋಡುತ್ತೇನೆ. ಮಧ್ಯಾಹ್ನ ಹೆಲಿಕಾಪ್ಟರ್ ಬೀಳಿಸುತ್ತೇನೆ. ಹೆಂಡತಿ ಈಗಲೂ ಕೇಳುತ್ತಾಳೆ, "ಇವತ್ತು ಹೇಗಾಯ್ತು?" "ಬಿತ್ತು" ಎನ್ನುತ್ತೇನೆ. ಗೆಳೆಯ ಎರಡು ಸಲ ಫೋನ್ ಮಾಡಿದ. ನಾನು ಎತ್ತಲಿಲ್ಲ.

ಹೀಗೇ ಐದು ತಿಂಗಳಾದ ಮೇಲೆ, ಹೋದ ವಾರ, ಅದು ನಿಂತಿತು. ಮೂಗು ಬಲಕ್ಕೆ ಹೊರಟದ್ದನ್ನು ಎಡಗಾಲು ತಡೆಯಿತು. ಜಾಸ್ತಿಯಾಯಿತು, ಎಡಕ್ಕೆ ಬಂತು, ಬಿಟ್ಟೆ, ಮತ್ತೆ ಹಿಡಿದೆ. ಎಂಟು ಸೆಕೆಂಡು. ಆಮೇಲೆ ಬಿತ್ತು. ಆ ಪೇಜ್ ತೆಗೆದು ನೋಡಿದೆ, ಸೊನ್ನೆಯೇ ಇತ್ತು. ಎರಡು ಸಲ ನೋಡಿದೆ. ಇನ್ನು ಜೀವಮಾನವಿಡೀ ಏನೇ ಒಳ್ಳೆಯದಾದರೂ ನಾನು ಆ ಪೇಜ್ ತೆಗೆದು ನೋಡುವವನೇ.

ಎದ್ದು ಸ್ಟ್ಯಾಂಡಿಗೆ ಹೋದೆ. "ಎಂಟು ಸೆಕೆಂಡು ನಿಂತಿತು ಅಣ್ಣ" ಎಂದೆ. ಅವರಿಗೆ ಕಂಪ್ಯೂಟರ್ ಗಿಂಪ್ಯೂಟರ್ ತಿಳಿಯದು. ನನ್ನ ಕಾಲನ್ನು ನೋಡಿದರು.

"ಯಾರೂ ಹಿಡ್ಕಂಡಿರ್ಲಿಲ್ಲ ತಾನೆ?"

"ಇಲ್ಲ."

"ಹಂಗಾದ್ರೆ ಸೈ" ಎಂದು ಟೀಗೆ ಹೇಳಿದರು.

ಮನೆಗೆ ಬಂದಾಗ ಹೆಂಡತಿ ಮಿಷನ್ ನಿಲ್ಲಿಸಿ ತಿರುಗಿದಳು. ನಾನು ಎದ್ದು ಹೋದಾಗ ಅವಳು ಹಿತ್ತಲಲ್ಲಿದ್ದಳು, ಏನೂ ನೋಡಿರಲಿಲ್ಲ.

"ಇವತ್ತು ಹೇಗಾಯ್ತು?" ಎಂದು ಕೇಳಿದಳು.

ಅವಳ ಮುಖವನ್ನೇ ನೋಡಿಕೊಂಡು ಹೇಳಿದೆ, "ಬಿತ್ತು."